ನಮ್ಮ ಕಡತ ಇರುವ ಕೋಣೆ

ಗೆಳೆಯ,

ಕಳೆದ ವಾರ ನೀನು ಬೆಂಗಳೂರಿನಿಂದ ಫೋನ್ ಮಾಡಿದಾಗ, ಪಹಣಿಯೂ ಮೊಬೈಲಿನಲ್ಲೇ ಸಿಗುವ ಕಾಲದಲ್ಲಿ ಗಡಿಯ ಜನ ಇನ್ನೂ ರಜೆ ಹಾಕಿ ಕಚೇರಿ ಸುತ್ತುವುದೇಕೆ, ನಿಮಗೆ ಕಂಪ್ಯೂಟರಿನ ಅಭ್ಯಾಸವಿಲ್ಲವೋ ಅಥವಾ ಅರ್ಧ ಕೇರಳದವರೇ ಆಗಿಬಿಟ್ಟಿರೋ ಎಂದು ಕೇಳಿದೆ. ನೀನು ಸಲಿಗೆಯಿಂದಲೇ ಕೇಳಿರಬಹುದು, ಆದರೆ ನನಗೆ ಆ ಮಾತು ಚುಚ್ಚಿತು. ಆಗ ಹೇಳಲಾಗದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಎರಡನೆಯ ಮಾತನ್ನು ಮೊದಲು ಮುಗಿಸುತ್ತೇನೆ. ಬಾವಲಿ ಚೆಕ್‌ಪೋಸ್ಟ್ ದಾಟಿದರೆ ವಯನಾಡು, ಡಿ.ಬಿ. ಕುಪ್ಪೆಯಲ್ಲಿ ದೋಣಿ ಹತ್ತಿದರೆ ಕಬಿನಿಯ ಆಚೆ ದಡದಲ್ಲಿ ಮಲಯಾಳದ ಬೋರ್ಡುಗಳು. ಅಲ್ಲಿಯವರು ಶುಂಠಿ ಬೆಳೆಯಲು ನಮ್ಮ ಕಡೆಯ ಜಮೀನನ್ನು ಗುತ್ತಿಗೆಗೆ ಹಿಡಿಯುತ್ತಾರೆ, ನಮ್ಮವರು ಅಲ್ಲಿಯ ಕಾಫಿ ತೋಟಗಳಿಗೆ ಕೂಲಿಗೆ ಹೋಗುತ್ತಾರೆ. ಎರಡು ಭಾಷೆ ಆಡಬಲ್ಲೆವು, ಅಷ್ಟೇ. ಪುನ್ನಾಟರೆಂಬ ಪ್ರಾಚೀನ ಅರಸರ ರಾಜಧಾನಿ ಕೀರ್ತಿಪುರವೆಂದು ಇತಿಹಾಸಕಾರರು ಗುರುತಿಸುವ ಕಿತ್ತೂರು ಇದೇ ಕಬಿನಿ ಸೀಮೆಯದು. ನಮ್ಮ ಕನ್ನಡಕ್ಕೆ ಯಾರ ಪ್ರಮಾಣಪತ್ರವೂ ಬೇಕಿಲ್ಲ. ಪ್ರಮಾಣಪತ್ರ ಬೇಕಿರುವುದು ನಮ್ಮ ನೆಲಕ್ಕೆ, ಮತ್ತು ನಾನು ಹೇಳಬೇಕಾದದ್ದು ಅದರ ವಿಷಯವೇ.

ಕಬಿನಿ ಅಣೆಕಟ್ಟೆಯ ಕೆಲಸ 1974ರಲ್ಲಿ ಮುಗಿಯಿತು. ಹಿನ್ನೀರಿಗೆ ಹೋದ ಊರುಗಳಲ್ಲಿ ನಮ್ಮ ತಾತನದೂ ಒಂದು. ಅವರಿಗೆ ಪುನರ್ವಸತಿಯಾಗಿ ಬೇರೊಂದು ಹೋಬಳಿಯಲ್ಲಿ ಮೂರು ಎಕರೆ ಮಂಜೂರಾಯಿತು. ಆ ನೆಲವನ್ನು ಹಸನು ಮಾಡಿ ರಾಗಿ, ಹತ್ತಿ, ಅವರೆ ಬೆಳೆದು ನಮ್ಮ ತಂದೆಯವರನ್ನು ಓದಿಸಿದರು. ಹೊರಗಿನವರಿಗೆ ಅದು ಮೂರು ಎಕರೆ ಖುಷ್ಕಿ ಜಮೀನು. ನಮಗೆ ಮುಳುಗಿದ ಊರಿನ ಬದಲಿಗೆ ಸರ್ಕಾರ ಕೊಟ್ಟ ಮಾತು.

ನೀನು ಹೇಳಿದಂತೆ ಪಹಣಿ ಫೋನಿನಲ್ಲಿ ಸಿಗುತ್ತದೆ. 2000ದ ಆಸುಪಾಸಿನಲ್ಲಿ ‘ಭೂಮಿ’ ತಂತ್ರಾಂಶ ಬಂದು ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಏರಿದ್ದು ದೊಡ್ಡ ಕೆಲಸ, ಅದರ ಬಗ್ಗೆ ನಾನು ಎಂದೂ ಹಗುರವಾಗಿ ಮಾತನಾಡಿಲ್ಲ. ಆದರೆ ನಮ್ಮ ಪಹಣಿಯನ್ನು ತೆರೆದು ನೋಡು. ಒಂದೇ ಸರ್ವೆ ನಂಬರಿನಲ್ಲಿ ಹತ್ತಾರು ಕುಟುಂಬಗಳ ಹೆಸರು ಒಟ್ಟಿಗೆ ಕುಳಿತಿವೆ, ಏಕೆಂದರೆ ಮಂಜೂರಾದಂದಿನಿಂದ ಪೋಡಿ, ಅಂದರೆ ಒಬ್ಬೊಬ್ಬರ ಪಾಲನ್ನು ಅಳೆದು ಬೇರ್ಪಡಿಸುವ ಕೆಲಸ, ಆಗಿಲ್ಲ. ಪೋಡಿಯಾಗದೆ ನಮ್ಮ ಮೂರು ಎಕರೆಗೆ ಪ್ರತ್ಯೇಕ ನಂಬರಿಲ್ಲ, ನಕ್ಷೆಯಿಲ್ಲ. ಅಣ್ಣತಮ್ಮಂದಿರ ನಡುವೆ ವಿಭಾಗವಾಗುವುದಿಲ್ಲ, ಬ್ಯಾಂಕಿನವರು ಸಾಲದ ಅರ್ಜಿಯನ್ನು ಬದಿಗಿಡುತ್ತಾರೆ. ಪೋಡಿ ಮಾಡಬೇಕಾದರೆ ಮಂಜೂರಾತಿ ಆದೇಶ, ಸಾಗುವಳಿ ಚೀಟಿ, ಮಂಜೂರಾತಿ ವಹಿಯ ನಕಲು ಇವೆಲ್ಲ ಮೂಲ ಕಡತದೊಡನೆ ತಾಳೆಯಾಗಬೇಕು. ಪಹಣಿ ಆ ಕಡತದ ಫಲ ಮಾತ್ರ. ಕಡತ ಇರುವುದು ಕಾಗದದಲ್ಲಿ, ಕಾಗದ ಇರುವುದು ಒಂದು ಕೋಣೆಯಲ್ಲಿ.

ಆ ಕೋಣೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಚೇರಿ ಯಾವುದೆಂದು ಹೆಸರಿಸುವುದಿಲ್ಲ, ಅಲ್ಲಿಯ ನೌಕರರನ್ನು ದೂರುವುದು ನನ್ನ ಉದ್ದೇಶವಲ್ಲ. ದಾಖಲೆಗಳಿಗೆಂದು ಕಟ್ಟಿದ ಕೋಣೆಯಲ್ಲ ಅದು, ಕಟ್ಟಡದಲ್ಲಿ ಮಿಕ್ಕ ಜಾಗ. ಕಬ್ಬಿಣದ ರ‍್ಯಾಕುಗಳು ತುಂಬಿದ ಮೇಲೆ ರುಮಾಲಿನ ಗಂಟುಗಳು ನೆಲಕ್ಕೆ ಇಳಿದಿದ್ದವು. ಗೋಡೆ ಪಸೆಯೇರಿದ ಮೂಲೆಯಲ್ಲಿ ಗಂಟುಗಳ ಕೆಂಪು ಬಟ್ಟೆ ಬಿಳುಚಿ, ಒಳಗಿನ ಹಾಳೆಗಳು ಒಂದಕ್ಕೊಂದು ಅಂಟಿ ಹಲಗೆಯಂತಾಗಿದ್ದವು. ಅವುಗಳ ಮೇಲೆಯೇ ಹಿಂದಿನ ಚುನಾವಣೆಯ ಸಾಮಗ್ರಿ, ಮುರಿದ ಕುರ್ಚಿ, ಕೆಟ್ಟ ಪ್ರಿಂಟರು. ಒಂದು ಗಂಟಿನ ಚೀಟಿಯಲ್ಲಿ ವರ್ಷವಿತ್ತು, ಗ್ರಾಮದ ಹೆಸರನ್ನು ಗೆದ್ದಲು ತಿಂದಿತ್ತು. ಆ ಕೋಣೆಗೆಂದೇ ಇರಬೇಕಾದ ನೌಕರರು ಇರಲಿಲ್ಲ. ದ್ವಿತೀಯ ದರ್ಜೆ ಸಹಾಯಕರೊಬ್ಬರು ಪಿಂಚಣಿ ಅರ್ಜಿಗಳ ಜೊತೆಗೆ ಅಭಿಲೇಖಾಲಯವನ್ನೂ ಪ್ರಭಾರದಲ್ಲಿ ನೋಡಿಕೊಳ್ಳುತ್ತಿದ್ದರು. ಬಾಗಿಲು ತೆರೆದು ನನ್ನೊಡನೆ ಒಂದು ಗಂಟೆ ಹುಡುಕಿದ ಆ ಹೆಣ್ಣುಮಗಳು ಧೂಳಿಗೆ ಕೆಮ್ಮುತ್ತಾ, ಸರ್, ಇಲ್ಲಿ ಏನಿದೆ ಎಂಬ ಪಟ್ಟಿ ನನಗೂ ಯಾರೂ ಕೊಟ್ಟಿಲ್ಲ ಎಂದರು. ಹದಿನೈದು ದಿನಗಳ ಮೇಲೆ ನನಗೆ ಹಿಂಬರಹ ಬಂತು: ‘ಸದರಿ ಕಡತವನ್ನು ಹುಡುಕಲಾಗಿ ಲಭ್ಯವಾಗಿರುವುದಿಲ್ಲ.’

ಈ ವಾಕ್ಯ ನಮ್ಮ ಸೀಮೆಯ ಮನೆಮನೆಗಳಲ್ಲಿದೆ. ಇದನ್ನು ಓದಿದವನಿಗೆ ಕಡತ ನಾಶವಾಯಿತೋ, ಬೇರೆ ಕಚೇರಿಗೆ ಹೋಯಿತೋ, ಮೊದಲಿನಿಂದಲೂ ಇರಲೇ ಇಲ್ಲವೋ ಒಂದೂ ತಿಳಿಯುವುದಿಲ್ಲ. ಶಾಶ್ವತವಾಗಿ ಕಾಯ್ದಿಡಬೇಕಾದ ‘ಎ’ ವರ್ಗದ ಕಡತಗಳೂ, ಅವಧಿ ಮುಗಿದೊಡನೆ ವಿಲೇವಾರಿಯಾಗಬೇಕಾದ ಕಡತಗಳೂ ಒಂದೇ ರಾಶಿಯಲ್ಲಿ ಬಿದ್ದಿರುವಾಗ ಹುಡುಕುವವರಾದರೂ ಏನು ಮಾಡಿಯಾರು? 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಪ್ರತಿಯೊಂದು ಕಚೇರಿಯೂ ತನ್ನ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿಯೊಡನೆ ಇಟ್ಟುಕೊಳ್ಳಬೇಕು ಎನ್ನುತ್ತದೆ. ನಾವು ಕೇಳುತ್ತಿರುವುದು ಹೊಸದೇನನ್ನೂ ಅಲ್ಲ.

ಸಿಬ್ಬಂದಿಯ ಮಾತನ್ನೂ ಹೇಳಿಬಿಡುತ್ತೇನೆ. ರಾಜ್ಯದಲ್ಲಿ 2.5 ಲಕ್ಷಕ್ಕೂ ಹೆಚ್ಚು ಸರ್ಕಾರಿ ಹುದ್ದೆಗಳು ಖಾಲಿ ಇರುವುದು ನಿನಗೂ ಗೊತ್ತು, ಆದರೆ ಆ ಖಾಲಿತನ ಎಲ್ಲ ಕಡೆಯೂ ಒಂದೇ ತೂಕದ್ದಲ್ಲ. ಕಾಡಂಚಿಗೆ ವರ್ಗವಾದವರು ಮಕ್ಕಳ ಶಾಲೆ, ಬಾಡಿಗೆ ಮನೆ, ಸಂಜೆಯಾದರೆ ಮುಚ್ಚುವ ಕಾಡಿನ ರಸ್ತೆ ಇವನ್ನೆಲ್ಲ ಲೆಕ್ಕ ಹಾಕಿ ನಿಯೋಜನೆಯ ಮೇಲೆ ಮೈಸೂರಿಗೆ ಹೋಗುತ್ತಾರೆ. ಹುದ್ದೆ ಇಲ್ಲಿ ಭರ್ತಿ ಎಂದೇ ತೋರುತ್ತದೆ, ಕುರ್ಚಿ ಮಾತ್ರ ಬರಿದು. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಹೂಡಿ ಕಚೇರಿಗೆ ಮೇಜು, ಕುರ್ಚಿ, ಲ್ಯಾಪ್‌ಟಾಪ್ ಕೊಡಿ ಎಂದು ಕೇಳಿದಾಗ ನಗರದವರಿಗೆ ಆಶ್ಚರ್ಯವಾಗಿರಬಹುದು, ನಮಗೆ ಆಗಲಿಲ್ಲ. 2017ರಲ್ಲಿ 49 ಹೊಸ ತಾಲ್ಲೂಕುಗಳನ್ನು ಘೋಷಿಸಿದ್ದನ್ನು ನಾನು ಮನಸಾರೆ ಸ್ವಾಗತಿಸಿದವನು. ಆದರೆ ತಾಲ್ಲೂಕು ಒಡೆದಾಗ ಗ್ರಾಮಗಳ ಪಟ್ಟಿ ಒಂದೇ ಆದೇಶದಲ್ಲಿ ಪಾಲಾಗುತ್ತದೆ, ಕಡತಗಳು ಹಾಗೆ ಪಾಲಾಗುವುದಿಲ್ಲ. ಎರಡೂ ಕಡೆಯ ಗ್ರಾಮಗಳು ಒಂದೇ ರಟ್ಟಿನ ಹಳೆಯ ವಹಿಯಲ್ಲಿದ್ದರೆ ಅದು ಯಾರ ಪಾಲಿಗೆ ಹೋಗಬೇಕು? ಇದಕ್ಕೆ ಕಟ್ಟಡವೂ ಬೇಕು, ಕುಳಿತು ಬಿಡಿಸುವ ಜನವೂ ಬೇಕು.

ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿ ಬೆಳಕಿಗೆ ಬಂದದ್ದು ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಅಚ್ಚಿಗೆ ತಂದರು. ಅದರಲ್ಲಿ ಅಕ್ಷಪಟಲ ಎಂಬ ಲೆಕ್ಕಪತ್ರಗಳ ಕಚೇರಿಯ ಪ್ರಸ್ತಾಪವಿದೆ: ಅದರ ಬಾಗಿಲು ಪೂರ್ವಕ್ಕೋ ಉತ್ತರಕ್ಕೋ ಇರಬೇಕು, ಕುಳಿತುಕೊಳ್ಳಲು ಬೇರೆ ಬೇರೆ ಸ್ಥಳಗಳಿರಬೇಕು, ಲೆಕ್ಕದ ಪುಸ್ತಕಗಳಿಗೆ ಪ್ರತ್ಯೇಕ ಜಾಗವಿರಬೇಕು. ಕಟ್ಟಡ, ಕೂರುವ ಜನ, ದಾಖಲೆ ಈ ಮೂರನ್ನೂ ಒಂದೇ ಸೂತ್ರದಲ್ಲಿ ಹೇಳಿದ ಗ್ರಂಥವನ್ನು ಕಾಪಾಡಿಕೊಂಡ ಜಿಲ್ಲೆ ನಮ್ಮದು. ಆದ್ದರಿಂದಲೇ ಆ ಕೋಣೆಯ ಸ್ಥಿತಿ ನನ್ನನ್ನು ಹೆಚ್ಚು ನೋಯಿಸುತ್ತದೆ.

ಈಚೆಗೆ ‘ಭೂ ಸುರಕ್ಷಾ’ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುತ್ತಿರುವುದು ಸರಿಯಾದ ಕೆಲಸ. ಅದು ನಡೆಯಬೇಕು, ಬೇಗ ನಡೆಯಬೇಕು. ಆದರೆ ಅಂಟಿಕೊಂಡ ಹಾಳೆಗಳನ್ನು ಯಂತ್ರ ಬಿಡಿಸುವುದಿಲ್ಲ, ಗ್ರಾಮದ ಹೆಸರು ಅಳಿಸಿಹೋದ ಗಂಟು ಯಾವ ಗ್ರಾಮದ್ದೆಂದು ಯಂತ್ರ ಹೇಳುವುದಿಲ್ಲ. ಅದಕ್ಕೆ ಹಳೆಯ ಕೈಬರಹ ಓದಬಲ್ಲ, ಹೋಬಳಿಯ ಊರುಗಳನ್ನು ಬಲ್ಲ ಒಬ್ಬ ಮನುಷ್ಯ ಬೇಕು.

ನನಗೆ ಅಂಥವರೊಬ್ಬರು ಸಿಕ್ಕರು. ಅದೇ ಕಚೇರಿಯಲ್ಲಿ ಬಹಳ ವರ್ಷ ದಾಖಲೆ ನೋಡಿಕೊಂಡು ನಿವೃತ್ತರಾದವರು. ಅವರ ಜಾಗಕ್ಕೆ ಬೇರೆಯವರು ಬರಲೇ ಇಲ್ಲ. ನಮ್ಮ ಕಷ್ಟ ಕೇಳಿ, ಕಚೇರಿಯವರ ಒಪ್ಪಿಗೆ ಪಡೆದು, ಒಂದು ಬೆಳಿಗ್ಗೆ ತಾವೇ ಬಂದರು. ಕಿಟಕಿಯ ಕೆಳಗಿನ ಸಾಲಿನಲ್ಲಿ ಮೂರನೆಯ ಗಂಟನ್ನು ಬಿಚ್ಚಿ, ಉದ್ದನೆಯ ವಹಿಯೊಂದನ್ನು ಮಡಿಲಲ್ಲಿಟ್ಟುಕೊಂಡು, ಬೆರಳನ್ನು ನಾಲಿಗೆಗೆ ತಾಗಿಸದೆ ಅಂಚು ಹಿಡಿದು ಹಾಳೆ ತಿರುವಿದರು. ಹತ್ತು ನಿಮಿಷದಲ್ಲಿ ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು. ನೀಲಿ ಶಾಯಿಯಲ್ಲಿ ನಮ್ಮ ತಾತನ ಹೆಸರು, ತಂದೆಯ ಹೆಸರು, ಈಗ ನೀರಿನಡಿ ಇರುವ ಊರಿನ ಹೆಸರು, ಮುಂದಿನ ಕಲಮಿನಲ್ಲಿ ಮಂಜೂರಾತಿ ಆದೇಶದ ಸಂಖ್ಯೆ. ಆ ಊರಿನ ಹೆಸರನ್ನು ಸರ್ಕಾರಿ ಕಾಗದದಲ್ಲಿ ನಾನು ಓದಿದ್ದು ಅದೇ ಮೊದಲು.

ಕಡತ ಇನ್ನೂ ಸಿಕ್ಕಿಲ್ಲ, ಸಂಖ್ಯೆ ಸಿಕ್ಕಿದೆ. ಕಡತ ಸಿಗದೇ ಹೋದರೂ ಆ ಸಾಲನ್ನು ಆಧಾರವಾಗಿಟ್ಟುಕೊಂಡು ಕಡತ ಪುನರ್‌ನಿರ್ಮಾಣಕ್ಕೆ ಕೇಳಬಹುದೆಂದು ಅವರು ಹೇಳಿದ್ದಾರೆ. ಅರ್ಜಿ ಬರೆದಿಟ್ಟಿದ್ದೇನೆ, ಬರುವ ಸೋಮವಾರಕ್ಕೆ ರಜೆಯನ್ನೂ ಹಾಕಿದ್ದೇನೆ.