ಆಡುತ್ತಿರುವ ಮಗುವಿನ ಹೊಟ್ಟೆಯಲ್ಲಿ ಗಡ್ಡೆ: ಕಾದು ನೋಡಬಹುದೇ?

ಪ್ರಶ್ನೆ: ಮೂರೂವರೆ ವರ್ಷದ ಮಗನಿಗೆ ಸ್ನಾನ ಮಾಡಿಸುವಾಗ ಹೊಟ್ಟೆಯ ಎಡಭಾಗದಲ್ಲಿ ಗಟ್ಟಿಯಾದ ಗಡ್ಡೆಯೊಂದು ಕೈಗೆ ಸಿಕ್ಕಿತು. ನೋವಿಲ್ಲ, ಜ್ವರವಿಲ್ಲ, ಊಟ, ಆಟ ಎಂದಿನಂತೆಯೇ ಇವೆ. ಮೂತ್ರಪಿಂಡದ ಗಡ್ಡೆಯಿರಬಹುದು, ಕೂಡಲೇ ಸ್ಕ್ಯಾನ್ ಮಾಡಿಸಿ ಎಂದು ವೈದ್ಯರು ಹೇಳಿದ್ದಾರೆ. ಕೆಲವು ವಾರ ಕಾಯಬಹುದೇ? ಕ್ಯಾನ್ಸರ್ ಆಗಿದ್ದರೆ ಒಂದೇ ಕಿಡ್ನಿಯಲ್ಲಿ ಮಗು ಬದುಕೀತೇ?

ಉತ್ತರ: ದಯವಿಟ್ಟು ಕಾಯಬೇಡಿ. ಮಗು ಲವಲವಿಕೆಯಿಂದಿದೆ ಎಂಬ ಕಾರಣಕ್ಕೇ ಅನೇಕ ಹೆತ್ತವರು ತಡಮಾಡುತ್ತಾರೆ. ಆದರೆ ಮಕ್ಕಳ ಮೂತ್ರಪಿಂಡದಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಆದ ವಿಲ್ಮ್ಸ್ ಗಡ್ಡೆ ಸಾಮಾನ್ಯವಾಗಿ ಹೀಗೆಯೇ, ನೋವಿಲ್ಲದೆ, ಮೂರು ನಾಲ್ಕು ವರ್ಷದ ಆಸುಪಾಸಿನಲ್ಲಿ, ಸ್ನಾನ ಮಾಡಿಸುವವರ ಕೈಗೇ ಮೊದಲು ಸಿಗುತ್ತದೆ. ಕೆಲವರಲ್ಲಿ ಮೂತ್ರದಲ್ಲಿ ರಕ್ತ, ಹೊಟ್ಟೆನೋವು ಅಥವಾ ಏರಿದ ರಕ್ತದೊತ್ತಡವೂ ಇರಬಹುದು. ಗಡ್ಡೆಗಳೆಲ್ಲವೂ ಕ್ಯಾನ್ಸರ್ ಅಲ್ಲ. ಮೂತ್ರಪಿಂಡದಲ್ಲಿ ಮೂತ್ರ ಕಟ್ಟಿಕೊಂಡು ಊದಿದಾಗಲೂ ಹೀಗಾಗಬಹುದು. ಯಾವುದೆಂಬುದನ್ನು ಕೈಯಿಂದ ಮುಟ್ಟಿ ನಿರ್ಧರಿಸಲಾಗದು, ಅದಕ್ಕೆ ಅಲ್ಟ್ರಾಸೌಂಡ್ ಬೇಕು.

ಅಲ್ಲಿಯವರೆಗೆ ಮನೆಯವರು, ಬಂಧುಗಳು ಯಾರೂ ಗಡ್ಡೆಯನ್ನು ಮತ್ತೆ ಮತ್ತೆ ಒತ್ತಿ ನೋಡಬಾರದು, ಹೊಟ್ಟೆಗೆ ಎಣ್ಣೆ ಹಚ್ಚಿ ತಿಕ್ಕಬಾರದು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಗಡ್ಡೆಯ ತೆಳುವಾದ ಹೊರಪೊರೆ ಒಡೆದು ಜೀವಕೋಶಗಳು ಹೊಟ್ಟೆಯೊಳಗೆ ಚೆಲ್ಲಿದರೆ ರೋಗದ ಹಂತವೇ ಮೇಲೇರಿ, ಬೇಕಿಲ್ಲದಿದ್ದ ವಿಕಿರಣ ಚಿಕಿತ್ಸೆಯೂ ಬೇಕಾಗಬಹುದು.

ಅನುಮಾನ ಬಲವಾದರೆ ಹೊಟ್ಟೆಯ ಸಿ.ಟಿ. ಅಥವಾ ಎಂ.ಆರ್.ಐ. ಮಾಡಿ, ರೋಗ ಹೆಚ್ಚಾಗಿ ಹರಡುವ ಶ್ವಾಸಕೋಶವನ್ನೂ, ಇನ್ನೊಂದು ಮೂತ್ರಪಿಂಡವನ್ನೂ ಪರೀಕ್ಷಿಸುತ್ತಾರೆ. ಕೆಲವು ಕೇಂದ್ರಗಳಲ್ಲಿ ಮೊದಲು ಶಸ್ತ್ರಚಿಕಿತ್ಸೆ ನಡೆಯುತ್ತದೆ. ಇನ್ನು ಕೆಲವೆಡೆ ಸುಮಾರು ನಾಲ್ಕು ವಾರ ವಿನ್‌ಕ್ರಿಸ್ಟಿನ್, ಆಕ್ಟಿನೊಮೈಸಿನ್ ಔಷಧಗಳನ್ನು ಕೊಟ್ಟು, ಗಡ್ಡೆಯನ್ನು ಕುಗ್ಗಿಸಿದ ಮೇಲೆ ತೆಗೆಯುತ್ತಾರೆ. ಎರಡೂ ದಾರಿಗಳ ಫಲಿತಾಂಶ ಒಳ್ಳೆಯದೇ ಆಗಿರುವುದರಿಂದ, ಮಕ್ಕಳ ಕ್ಯಾನ್ಸರ್ ತಜ್ಞರೂ ಶಸ್ತ್ರಚಿಕಿತ್ಸಕರೂ ಒಟ್ಟಿಗಿರುವ ಆಸ್ಪತ್ರೆಯನ್ನು ಆರಿಸುವುದೇ ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯ. ಮುಂದಿನ ಚಿಕಿತ್ಸೆ ಎಷ್ಟು ತೀವ್ರವಾಗಿರಬೇಕೆಂಬುದನ್ನು ತೆಗೆದ ಗಡ್ಡೆಯ ಜೀವಕೋಶಗಳ ಸ್ವರೂಪ ಹಾಗೂ ರೋಗದ ಹಂತ ಹೇಳುತ್ತವೆ. ಜೀವಕೋಶಗಳು ಅನುಕೂಲಕರ ಸ್ವರೂಪದವಾಗಿದ್ದು, ಅಂದರೆ ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುವ ಬಗೆಯವಾಗಿದ್ದು, ಸರಿಯಾದ ಚಿಕಿತ್ಸೆ ದೊರೆತರೆ ನೂರರಲ್ಲಿ ಸುಮಾರು 90 ಮಕ್ಕಳು ಬದುಕುಳಿಯುತ್ತಾರೆ.

ಆರೋಗ್ಯವಾಗಿರುವ ಒಂದೇ ಮೂತ್ರಪಿಂಡದಿಂದ ಮಗು ಓದಿ, ಆಡಿ, ದೊಡ್ಡವನಾಗಬಲ್ಲನು. ರಕ್ತದೊತ್ತಡವನ್ನೂ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂಬುದನ್ನೂ ನಿಯಮಿತವಾಗಿ ನೋಡಿಸುತ್ತಿರಬೇಕು. ನಿಮ್ಮ ಆರೈಕೆಯಲ್ಲಿ ಏನೋ ತಪ್ಪಾಗಿ ಇದು ಬಂತೆಂದು ದಯವಿಟ್ಟು ಕೊರಗಬೇಡಿ. ಮಗು ಹುಟ್ಟುವ ಮೊದಲೇ, ಮೂತ್ರಪಿಂಡ ರೂಪುಗೊಳ್ಳುವ ಹಂತದಲ್ಲಿ ಬಲಿಯದೆ ಉಳಿದ ಜೀವಕೋಶಗಳಿಂದ ಈ ಗಡ್ಡೆ ಹುಟ್ಟುತ್ತದೆ.