ಠಾಣೆಯಲ್ಲಿ ಹೊಡೆದರು, ಆಸ್ಪತ್ರೆಯಲ್ಲಿ ‘ಬಿದ್ದೆ’ ಎಂದ: ದಾವೆ ನಿಲ್ಲುತ್ತದೆಯೇ?

ಪ್ರಶ್ನೆ: ನನ್ನ ತಮ್ಮ ಆಟೋ ಓಡಿಸುತ್ತಾನೆ. ಏಳು ತಿಂಗಳ ಹಿಂದೆ ಬಾಡಿಗೆ ಜಗಳವೊಂದರಲ್ಲಿ ಠಾಣೆಗೆ ಕರೆದೊಯ್ದು ಲಾಠಿಯಿಂದ ಹೊಡೆದರು. ಎಡ ಮುಂಗೈಯಲ್ಲಿ ಕಿರುಬೆರಳ ಕಡೆಯ ಮೂಳೆ ನಡುವೆ ಮುರಿದು ಪ್ಲೇಟ್ ಹಾಕಿಸಿದ್ದೇವೆ. ಭಯಕ್ಕೆ ಡಾಕ್ಟರ ಹತ್ತಿರ ‘ಬೈಕಿನಿಂದ ಬಿದ್ದೆ’ ಎಂದುಬಿಟ್ಟ. ಈಗ ಪರಿಹಾರಕ್ಕೆ ಸಿವಿಲ್ ದಾವೆ ಹಾಕಬಹುದೇ?
— ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ಹಾಕಬಹುದು. ಆದರೆ ಇನ್ನು ಒಂದು ವಾರವನ್ನೂ ಸುಮ್ಮನೆ ಕಳೆಯಬೇಡಿ. ಕಾನೂನಿನ ಅಧಿಕಾರದಲ್ಲಿ ಮಾಡಿದ್ದು ಎಂದು ಹೇಳಿಕೊಳ್ಳುವ ಕೃತ್ಯಕ್ಕೆ ಪರಿಹಾರ ಕೇಳಲು 1963ರ ಕಾಲಮಿತಿ ಕಾಯ್ದೆಯ 72ನೇ ವಿಧಿಯಲ್ಲಿ ಇರುವುದು ಒಂದೇ ವರ್ಷ. ‘ಹೊಡೆಯುವುದು ಕರ್ತವ್ಯವೇ ಅಲ್ಲ, ಮೂರು ವರ್ಷ ಸಿಗುತ್ತದೆ’ ಎನ್ನುವವರ ಮಾತು ನಂಬಿ ಕೂರಬೇಡಿ.

ಮೊದಲು ನೋಟಿಸ್. ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 80, ಕರ್ನಾಟಕ ಪೊಲೀಸ್ ಕಾಯ್ದೆಯ ಸೆಕ್ಷನ್ 170 ಎರಡೂ ಎರಡು ತಿಂಗಳ ನೋಟಿಸ್ ಕೇಳುತ್ತವೆ. ಜಿಲ್ಲಾಧಿಕಾರಿಗೆ ಒಂದು ಪ್ರತಿ, ಹೊಡೆದ ಒಬ್ಬೊಬ್ಬರಿಗೂ ಒಂದೊಂದು. ಅದರಲ್ಲಿ ತಮ್ಮನ ಹೆಸರು, ವಿಳಾಸ, ದಿನಾಂಕ, ಹೊತ್ತು, ನಡೆದದ್ದು, ಕೇಳುವ ಮೊತ್ತ ಇರಲಿ. ಡಿ.ಸಿ. ಕಚೇರಿಯ ಟಪಾಲಿನಲ್ಲಿ ಖುದ್ದಾಗಿ ಕೊಟ್ಟು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ನೋಟಿಸ್ ಮುಟ್ಟಿದ ದಿನವನ್ನು ದಾವಾಪತ್ರದಲ್ಲಿ ಬರೆದು ಪ್ರತಿ ಲಗತ್ತಿಸಲೇಬೇಕು. ಇದೊಂದು ತಪ್ಪಿದರೂ ದಾವೆ ವಜಾ ಆಗುತ್ತದೆ.

ಅದೇ ಸೆಕ್ಷನ್ 170 ಸರ್ಕಾರದ ಪೂರ್ವಾನುಮತಿಯನ್ನೂ ಕೇಳುತ್ತದೆ. ಕರ್ತವ್ಯಕ್ಕೆ ಸಂಬಂಧಪಟ್ಟಿದ್ದರೆ ಮಿತಿಮೀರಿದ ಕೃತ್ಯಕ್ಕೂ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಕರ್ನಾಟಕದ್ದೇ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಒಳಾಡಳಿತ ಇಲಾಖೆಗೆ ಈಗಲೇ ಅರ್ಜಿ ಹಾಕಿ. ನೋಟಿಸಿನ ಅವಧಿ, ಅನುಮತಿಗೆ ಕಾದ ದಿನಗಳು ಒಂದು ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ; ಕಾಲಮಿತಿ ಕಾಯ್ದೆಯ ಸೆಕ್ಷನ್ 15(2) ನೋಡಿ.

ಇನ್ನು ಆ ‘ಬಿದ್ದೆ’ ಎಂಬ ಮಾತು. ಅದನ್ನು ಮುಚ್ಚಿಡಲು ಹೋಗಬೇಡಿ. ಪಾಟೀಸವಾಲಿನಲ್ಲಿ ಆಸ್ಪತ್ರೆಯ ಕೇಸ್ ಶೀಟೇ ಮೊದಲು ಹೊರಬರುತ್ತದೆ. ಯಾರ ಭಯಕ್ಕೆ ಹಾಗೆಂದ, ಆಗ ಜೊತೆಯಲ್ಲಿ ಯಾರಿದ್ದರು ಎಂದು ದಾವಾಪತ್ರದಲ್ಲೇ ಬರೆಯಿಸಿ. ಗಾಯವೂ ಮಾತಾಡುತ್ತದೆ. ಬೀಳುವಾಗ ಅಂಗೈ ಊರಿದರೆ ಸಾಮಾನ್ಯವಾಗಿ ಮುರಿಯುವುದು ಮಣಿಕಟ್ಟಿನ ಬಳಿ, ಹೆಬ್ಬೆರಳ ಕಡೆಯ ಮೂಳೆ. ಏಟು ತಡೆಯಲು ಮುಖದ ಮುಂದೆ ಕೈ ಎತ್ತಿದಾಗ ಕಿರುಬೆರಳ ಕಡೆಯ ಅಲ್ನಾ ಮೂಳೆಯೊಂದೇ ನಡುವೆ ಮುರಿಯುತ್ತದೆ. ವೈದ್ಯರು ಇದನ್ನು ‘ನೈಟ್‌ಸ್ಟಿಕ್ ಫ್ರಾಕ್ಚರ್’ ಎನ್ನುವುದು ಲಾಠಿಯಿಂದಲೇ ಬಂದ ಹೆಸರು. ಬೇರೆ ರೀತಿಯ ನೇರ ಏಟಿಗೂ ಹೀಗೆ ಮುರಿಯಬಹುದು, ಹಾಗಾಗಿ ಇದೊಂದೇ ಸಾಕಾಗದು. ಪ್ಲೇಟ್ ಹಾಕುವ ಮೊದಲಿನ ಎಕ್ಸ್‌ರೇ ತೋರಿಸಿ ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಮಿಮ್ಸ್‌ನಂಥ ಕಡೆ ಮೂಳೆ ತಜ್ಞರ ಅಭಿಪ್ರಾಯ ಬರವಣಿಗೆಯಲ್ಲಿ ಪಡೆಯಿರಿ. ಆ ಫಿಲ್ಮನ್ನು ಜೋಪಾನವಾಗಿಡಿ, ದಾವಾಪತ್ರದ ಜೊತೆ ಕೋರ್ಟಿಗೆ ಹಾಜರುಪಡಿಸಬೇಕು.

ಠಾಣೆಯ ಸಿಸಿ ಕ್ಯಾಮೆರಾ ದೃಶ್ಯಗಳನ್ನು 18 ತಿಂಗಳು, ಆಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲೇ ಆದೇಶಿಸಿದೆ. ಅಳಿಸಬೇಡಿ ಎಂದು ನೋಟಿಸಿನಲ್ಲೇ ಬರೆಯಿಸಿ, ಆರ್‌ಟಿಐ ಅರ್ಜಿಯನ್ನೂ ಹಾಕಿ.

ಪ್ರತಿವಾದಿಯಾಗಿ ಠಾಣೆಯ ಹೆಸರು ಬರೆಯುವುದು ತಪ್ಪು. ‘ಕರ್ನಾಟಕ ರಾಜ್ಯ’ ಎಂದಿರಬೇಕು, ಜೊತೆಗೆ ಹೊಡೆದವರ ಹೆಸರು. ಕ್ರಿಮಿನಲ್ ಕೇಸಿನಷ್ಟು ಗಟ್ಟಿ ಪುರಾವೆ ಇಲ್ಲಿ ಬೇಡ, ಯಾರ ಮಾತು ಹೆಚ್ಚು ನಂಬುವಂತಿದೆ ಎಂಬುದೇ ಮುಖ್ಯ. ಆಸ್ಪತ್ರೆ ಬಿಲ್ಲು, ಆಟೋ ನಿಂತ ದಿನಗಳು, ತಪ್ಪಿದ ಸಾಲದ ಕಂತು ಎಲ್ಲವನ್ನೂ ಲೆಕ್ಕಕ್ಕೆ ತನ್ನಿ. ದಾವೆಯ ಬದಲು ಹೈಕೋರ್ಟಿಗೆ ನೇರವಾಗಿ ಹಾಕುವ ರಿಟ್ ಅರ್ಜಿ ಬೇಗ ಮುಗಿಯಬಹುದು, ಆದರೆ ‘ಹೊಡೆದಿಲ್ಲ’ ಎಂದು ಅವರು ನಿರಾಕರಿಸಿದರೆ ಸಿವಿಲ್ ಕೋರ್ಟಿಗೇ ಕಳುಹಿಸುವುದು ಹೆಚ್ಚು.

ಕೋರ್ಟ್ ಶುಲ್ಕ ಕೇಳುವ ಮೊತ್ತದ ಮೇಲೆ ಬೀಳುತ್ತದೆ. ಕಟ್ಟಲಾಗದಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 33ರಡಿ ನಿರ್ಗತಿಕ ಅರ್ಜಿ ಹಾಕಬಹುದು. ತಮ್ಮ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ, ಇಲ್ಲವೇ ವರಮಾನ ಮಿತಿಯೊಳಗಿದ್ದರೆ, ಮಂಡ್ಯದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ನೋಟಿಸ್ ಬರೆಯಿಸುವಾಗಲೇ ಅಲ್ಲಿಗೆ ಹೋಗಿ.