ಹದಿನೈದು ದಿನದಲ್ಲಿ ಮೊಡವೆ ಹೋಗಿಸುವ ಕ್ರೀಮ್ ಕೇಳಬೇಡಿ ಮಾರಾಯ್ರೆ

ಅಣ್ಣನ ಮದುವೆಗೆ ಹದಿನೈದು ದಿನ ಇದೆ, ಬಂಗುಡೆ ಮೀನು ತಿನ್ನುವುದು ಬಿಟ್ಟಿದ್ದೇನೆ, ಇನ್ನು ಬೇಗ ಕೆಲಸ ಮಾಡುವ ಕ್ರೀಮ್ ಯಾವುದು ಅಂತ ಕೇಳಿದ್ದೀರಿ. ನೀವು ಉಡುಪಿ, ನಾನು ಮಂಗಳೂರು. ಡಿಗ್ರಿ ಓದುವಾಗ ಇದೇ ಪ್ರಶ್ನೆಯನ್ನು ನಾನು ಮೆಡಿಕಲ್ ಶಾಪಿನಲ್ಲಿ ಕೇಳಿದ್ದೆ. ನನ್ನದು ಅಕ್ಕನ ಮದುವೆ, ಅಷ್ಟೇ ವ್ಯತ್ಯಾಸ.

ಅಂಗಡಿಯವರು ಮುಖ ನೋಡಿ ಒಂದು ಸಣ್ಣ ಟ್ಯೂಬ್ ಕೊಟ್ಟರು. ಚೀಟಿ ಕೇಳಲಿಲ್ಲ. ರಾತ್ರಿ ಹಚ್ಚಿ ಮಲಗಿ, ಎಲ್ಲರೂ ಇದನ್ನೇ ತಗೊಂಡು ಹೋಗುವುದು ಅಂದರು. ವಾರ ತುಂಬುವ ಮೊದಲೇ ಕೆಂಪು ಇಳಿಯಿತು, ಮುಖ ಬೆಳ್ಳಗೂ ಆಯಿತು. ಮದುವೆ ಮನೆಯಲ್ಲಿ ದೊಡ್ಡಮ್ಮ "ಎಂತ ಹಚ್ಚುವುದು ನೀನು?" ಅಂತ ಕೇಳಿ, ಹೆಸರು ಬರೆಸಿಕೊಂಡು ಸೊಸೆಗೂ ತರಿಸಿದರು. ಆ ಪಾಪವೂ ನನ್ನ ತಲೆಗೇ.

ಆ ಟ್ಯೂಬಿನಲ್ಲಿ ಇದ್ದದ್ದು ಸ್ಟೀರಾಯ್ಡ್. ಸ್ಟೀರಾಯ್ಡ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಉರಿಯೂತವನ್ನು ಅಡಗಿಸುತ್ತದೆ. ಹಾಗಾಗಿ ಕೆಂಪು ಮಾಯ. ಮೊಡವೆ ಹುಟ್ಟುವ ಕಾರಣ ಮಾತ್ರ ಒಳಗೆ ಹಾಗೆಯೇ ಇರುತ್ತದೆ. ಕಳ್ಳನನ್ನು ಬಿಟ್ಟು ಬೊಗಳುವ ನಾಯಿಯ ಬಾಯಿ ಕಟ್ಟಿದ ಹಾಗೆ. ಮದುವೆ ಮುಗಿದ ಮೇಲೆ ಹಚ್ಚುವುದು ನಿಲ್ಲಿಸಿದೆ. ಮೊದಲಿಗಿಂತ ಜಾಸ್ತಿ ಬಂತು, ಗಲ್ಲದಲ್ಲಿ ಇಲ್ಲದಿದ್ದದ್ದು ಗಲ್ಲದಲ್ಲೂ ಬಂತು. ಮತ್ತೆ ಹಚ್ಚಿದೆ, ಹೋಯಿತು. ಬಿಟ್ಟೆ, ಬಂತು. ಕ್ರೀಮಿನಿಂದಲೇ ಹೀಗಾಗುತ್ತಿದೆ ಅಂತ ಅನುಮಾನ ಬರಬೇಕಿತ್ತು ಅಲ್ವಾ? ನನಗೆ ಬಂದದ್ದು ಉಲ್ಟಾ ಯೋಚನೆ. ಕ್ರೀಮ್ ಇಲ್ಲದಿದ್ದರೆ ನನ್ನ ಮುಖಕ್ಕೆ ಗತಿಯಿಲ್ಲ ಅಂದುಕೊಂಡೆ. ಹಾಗೆ ತಿಂಗಳುಗಟ್ಟಲೆ ಹಚ್ಚಿದೆ. ಕೊನೆಗೆ ಚರ್ಮ ತೆಳುವಾಗಿ ಕೆನ್ನೆಯಲ್ಲಿ ಕೆಂಪು ನರದಂಥ ಗೆರೆಗಳು ಕಾಣಿಸಿದವು, ರೋಮ ಬೆಳೆಯಿತು. ಮಧ್ಯಾಹ್ನ ಹಂಪನಕಟ್ಟೆಯಲ್ಲಿ ಬಸ್ಸಿಗೆ ನಿಂತರೆ ಮುಖ ಮೆಣಸು ಅರೆದು ಮೆತ್ತಿದಷ್ಟು ಉರಿ.

ಕೇಂದ್ರ ಸರ್ಕಾರ 2018ರಲ್ಲಿ ಇಂಥ ಎಷ್ಟೋ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಆದರೂ ಕೇಳಿದರೆ ಕೊಡುವವರು ಇದ್ದಾರೆ. ಟ್ಯೂಬಿನ ಹಿಂದೆ ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್, ಫ್ಲುಯೊಸಿನೊಲೋನ್ ಈ ಯಾವ ಹೆಸರು ಕಂಡರೂ ಅದು ಮೊಡವೆಗಲ್ಲ. ಈಗಾಗಲೇ ತುಂಬಾ ದಿನದಿಂದ ಹಚ್ಚುತ್ತಿದ್ದರೆ ಹೇಗೆ ಬಿಡಬೇಕು ಅಂತ ಚರ್ಮದ ಡಾಕ್ಟರೇ ಹೇಳಲಿ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅಂತ ನಾನು ಹೇಳುವುದು. ಹದಿನೈದು ದಿನದಲ್ಲಿ ಮುಖ ಪೂರ್ತಿ ಸ್ವಚ್ಛ ಮಾಡುವ ನ್ಯಾಯವಾದ ಕ್ರೀಮ್ ಇಲ್ಲ. ಹರೆಯದ ಹಾರ್ಮೋನಿನಿಂದ ಚರ್ಮದ ಎಣ್ಣೆ ಗ್ರಂಥಿಗಳು ಜಾಸ್ತಿ ಎಣ್ಣೆ ಬಿಡುತ್ತವೆ. ಸತ್ತ ಚರ್ಮಕೋಶಗಳು ಸೇರಿ ರೋಮದ ರಂಧ್ರ ಕಟ್ಟಿಕೊಳ್ಳುತ್ತದೆ. ಚರ್ಮದಲ್ಲೇ ಇರುವ ಒಂದು ಬ್ಯಾಕ್ಟೀರಿಯಾ ಒಳಗೆ ಹೆಚ್ಚುತ್ತದೆ, ಆಮೇಲೆ ಊತ, ಕೀವು. ಕಣ್ಣಿಗೆ ಕಾಣುವ ಎಷ್ಟೋ ಮೊದಲೇ ಈ ಕೆಲಸ ಶುರುವಾಗಿರುತ್ತದೆ. ಅದಕ್ಕೇ ಅಡಾಪಲೀನ್, ಬೆಂಜಾಯ್ಲ್ ಪೆರಾಕ್ಸೈಡ್‌ನಂಥ ಸರಿಯಾದ ಜೆಲ್ಲುಗಳಿಗೂ 8ರಿಂದ 12 ವಾರ ಬೇಕು. ಮೊದಲ ವಾರಗಳಲ್ಲಿ ಚರ್ಮ ಒಣಗಿ ಸಿಪ್ಪೆ ಏಳುತ್ತದೆ, ಕೆಲವರಿಗೆ ಮೊಡವೆ ಜಾಸ್ತಿಯಾದ ಹಾಗೂ ಕಾಣುತ್ತದೆ. ಅಲ್ಲಿ ಹೆದರಿ ಬಿಟ್ಟವರೇ ಹೆಚ್ಚು. ಕಡಲೆಕಾಳಿನಷ್ಟು ಜೆಲ್ ರಾತ್ರಿ ಇಡೀ ಮುಖಕ್ಕೆ ತೆಳ್ಳಗೆ ಹಚ್ಚಬೇಕು, ಎದ್ದ ಮೊಡವೆಯ ಮೇಲೆ ಚುಕ್ಕೆ ಇಟ್ಟರೆ ಉಪಯೋಗ ಕಮ್ಮಿ. ಬೆಂಜಾಯ್ಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ತೆಗೆಯುತ್ತದೆ, ಅಮ್ಮನ ಒಳ್ಳೆಯ ತಲೆದಿಂಬಿನ ಕವರ್ ದೂರ ಇಡಿ.

ಮದುವೆಯ ಮುಂಚೆ ಇದನ್ನೆಲ್ಲ ಹೊಸದಾಗಿ ಶುರುಮಾಡಿ ಸಿಪ್ಪೆ ಎದ್ದ ಮುಖ ಇಟ್ಟುಕೊಂಡು ಮದುವೆ ಹಾಲ್‌ನಲ್ಲಿ ಓಡಾಡುವುದೂ ಬೇಡ ಅನ್ನುತ್ತೇನೆ. ಹಿಸುಕಬೇಡಿ. ಪಾರ್ಲರಿನಲ್ಲಿ ಫೇಶಿಯಲ್ ಮಾಡಿಸಬೇಡಿ. ಸ್ವಲ್ಪ ಮೇಕಪ್ ಹಾಕಿ, ಮಲಗುವ ಮೊದಲು ತೊಳೆಯಿರಿ. ಮದುವೆಯಲ್ಲಿ ಜನ ನೋಡುವುದು ಮದುಮಗಳನ್ನು, ಊಟದ ಎಲೆಯನ್ನು.

ಬಂಗುಡೆ ಪಾಪ ಏನು ಮಾಡಿತು? ನಂಜು ಅಂತ ಮನೆಯಲ್ಲಿ ಹೇಳಿರಬೇಕು. ನನ್ನ ಅಜ್ಜಿ ಬದನೆಯನ್ನೂ ಆ ಲೆಕ್ಕಕ್ಕೆ ಸೇರಿಸುತ್ತಿದ್ದರು. ಸಕ್ಕರೆ, ಮೈದಾದಂತೆ ರಕ್ತದ ಸಕ್ಕರೆಯನ್ನು ಬೇಗ ಏರಿಸುವ ತಿಂಡಿಗೂ ಮೊಡವೆಗೂ ನಂಟಿದೆ ಅಂತ ಅಧ್ಯಯನಗಳು ಹೇಳುತ್ತವೆ, ಕೆಲವರಿಗೆ ಹಾಲಿನಿಂದಲೂ ಜಾಸ್ತಿಯಾಗಬಹುದು. ಬಂಗುಡೆ ಬಿಟ್ಟು ಆ ಬೇಜಾರಿಗೆ ದಿನಾ ಗಡ್‌ಬಡ್ ಐಸ್‌ಕ್ರೀಮ್ ತಿಂದರೆ ಏನು ಬಂತು? ಬಂಗುಡೆ ಪುಳಿಮುಂಚಿ ಧಾರಾಳವಾಗಿ ತಿನ್ನಿ. ಬಿಡುವುದಾದರೆ ತಲೆಗೆ ಸುರಿಯುವ ತೆಂಗಿನೆಣ್ಣೆ ಕಡಿಮೆ ಮಾಡಿ. ನಮ್ಮ ಸೆಖೆಗೆ ಅದು ಬೆವರಿನ ಜೊತೆ ಹಣೆಗೆ ಇಳಿದು ರಂಧ್ರ ಕಟ್ಟುತ್ತದೆ.

ಮದುವೆ ಮುಗಿದ ವಾರವೇ ಚರ್ಮದ ಡಾಕ್ಟರನ್ನು ನೋಡಿ. ಮಣಿಪಾಲ ನಿಮಗೆ ಪಕ್ಕದಲ್ಲೇ ಇದೆ. ಮುಟ್ಟು ಏರುಪೇರಾಗುತ್ತಿದ್ದರೆ, ಗಲ್ಲದಲ್ಲಿ ದಪ್ಪ ಕೂದಲು ಬರುತ್ತಿದ್ದರೆ ನಾಚಿಕೆ ಬಿಟ್ಟು ಹೇಳಿ, ಪಿಸಿಒಎಸ್ ಅನ್ನುವ ಹಾರ್ಮೋನ್ ಏರುಪೇರಿನ ತೊಂದರೆ ಇರಬಹುದು. ಗಂಟು ಗಂಟಾಗಿ ಎದ್ದು ಗುಳಿ ಬೀಳುವ ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ಇದೆ. ಒಳ್ಳೆಯ ಮದ್ದು, ಆದರೆ ಬಸುರಿಯಾಗಿರುವಾಗ ತಗೊಂಡರೆ ಮಗುವಿಗೆ ಗಂಭೀರ ಅಂಗದೋಷ ಆಗಬಹುದು, ರಕ್ತ ಪರೀಕ್ಷೆಯೂ ಬೇಕು. ಗೆಳತಿಯ ಮಾತ್ರೆ ಹಂಚಿಕೊಂಡು ನುಂಗುವಂಥದ್ದಲ್ಲ.

ಹೋಗುವಾಗ ಈವರೆಗೆ ಹಚ್ಚಿದ ಎಲ್ಲಾ ಟ್ಯೂಬುಗಳನ್ನು ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಬ್ರ್ಯಾಂಡಿನ ಹೆಸರು ಹೇಳಿದರೆ ಸಾಲದು, ಒಳಗೆ ಏನಿದೆ ಎನ್ನುವುದನ್ನು ಅವರೇ ಓದಲಿ.